ಫಲಕವಿಲ್ಲದ ಅಂಗಡಿಯ ಇಂಗ್ಲಿಷ್ ಬೆಳ್ಳಿ ಬಟ್ಟಲುಗಳು

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ರಸ್ತೆಯಲ್ಲಿ ಮೂರ್ನಾಡು ದಾಟಿದ ಮೇಲೆ, ಹಿಂದೊಮ್ಮೆ ಕಾಫಿ ದಾಸ್ತಾನಿಗೆಂದು ಕಟ್ಟಿದ ಗೋದಾಮಿನಲ್ಲಿ ಹಳೆಯ ವಸ್ತುಗಳ ಅಂಗಡಿಯೊಂದು ನಡೆಯುತ್ತಿದೆ. ಅದಕ್ಕೆ ಫಲಕವಿಲ್ಲ. ದಾರಿಯಲ್ಲಿ ಯಾರನ್ನಾದರೂ ಕೇಳಿದರೆ ‘ಹಳೇ ಸಾಮಾನಿನ ಗೋದಾಮು’ ಎಂದು ಕೈ ತೋರಿಸುತ್ತಾರೆ. ತೋಟದ ಬಂಗಲೆಗಳು ಕೈ ಬದಲಾದಾಗ, ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿ ಹಿರಿಯರ ಮನೆ ಹೋಂಸ್ಟೇ ಆದಾಗ, ಬೀಟೆಮರದ ಮೇಜು, ಬಿರುಕು ಬಿಟ್ಟ ಪಿಂಗಾಣಿ, ಸೀಮೆಎಣ್ಣೆಯ ದೀಪ, ಬೇಟೆಯ ಕೊಂಬು ಇವೆಲ್ಲ ಲಾರಿಯೇರಿ ಬಂದು ಇಲ್ಲಿ ಇಳಿಯುತ್ತವೆ. ನಾನು ಇಲ್ಲಿಗೆ ಹೋಗುವುದು ಇವುಗಳಿಗಾಗಿ ಅಲ್ಲ. ಗೋದಾಮಿನ ಹಿಂಬದಿಯ ಗಾಜಿನ ಕಪಾಟಿನಲ್ಲಿರುವ ಇಂಗ್ಲಿಷ್ ಬೆಳ್ಳಿ ಬಟ್ಟಲುಗಳಿಗಾಗಿ. ನಾಲ್ಕು ವರ್ಷಗಳಲ್ಲಿ ಮೂರು ಬಟ್ಟಲುಗಳನ್ನು ಕೊಂಡಿದ್ದೇನೆ, ಅದರ ಹತ್ತು ಪಟ್ಟನ್ನು ತಿರುಗಿಸಿ ನೋಡಿ ಮರಳಿ ಇಟ್ಟಿದ್ದೇನೆ. ಈ ಬರಹ ಆ ಕಪಾಟಿಗೆ ಮಾತ್ರ ಸಂಬಂಧಿಸಿದ್ದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಈ ಅಂಗಡಿಯ ಸರಕು ಅಲ್ಲಿ ಹೇಳುವ ಕಥೆಗಿಂತ ಎಷ್ಟೋ ಪ್ರಾಮಾಣಿಕವಾದದ್ದು. ಬಟ್ಟಲಿನ ತಳದ ಮುದ್ರೆಗಳನ್ನು ಓದಲು ಬಲ್ಲವರಿಗೆ ಕೊಡಗಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಓದಲಾರದವರು ಬೆಳ್ಳಿಗೆ ಕೊಡುವಷ್ಟೇ ಹಣವನ್ನು ಕಥೆಗೂ ಕೊಟ್ಟು ಬರುತ್ತಾರೆ.

ಅಂಗಡಿಯ ಒಳ್ಳೆಯ ಗುಣಗಳನ್ನು ಮೊದಲು ಹೇಳಬೇಕು. ಮಾಲೀಕರು ಬಟ್ಟಲನ್ನು ಕೈಗೆ ಕೊಡುತ್ತಾರೆ. ಇದು ಸಣ್ಣ ಮಾತಲ್ಲ. ನಗರದ ಕೆಲವು ಅಂಗಡಿಗಳಲ್ಲಿ ಗಾಜಿನ ಆಚೆಯಿಂದಲೇ ನೋಡಿ ಬೆಲೆ ಕೇಳಬೇಕಾಗುತ್ತದೆ. ಇಲ್ಲಿ ಬಾಗಿಲ ಬಳಿ ಬಿಸಿಲು ಬೀಳುವ ಕಡೆ ಒಂದು ಕಟ್ಟೆ ಇದೆ, ಅಲ್ಲಿಗೆ ಬಟ್ಟಲನ್ನು ಒಯ್ದು, ಜೇಬಿನಿಂದ ಭೂತಗನ್ನಡಿ ತೆಗೆದು, ಅರ್ಧ ಗಂಟೆ ಕುಳಿತರೂ ಯಾರೂ ಅವಸರ ಮಾಡುವುದಿಲ್ಲ, ಒಮ್ಮೊಮ್ಮೆ ಬೆಲ್ಲದ ಕಾಫಿಯೂ ಬರುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿ ಇದೆ, ಕೇಳಿದರೆ ಎದುರಿಗೇ ತೂಗುತ್ತಾರೆ. ಮಳೆಗಾಲದಲ್ಲಿ ಮಾತ್ರ ಹೋಗಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋದಾಮಿನ ಒಳಗೆ ನಡುಹಗಲಿನಲ್ಲೂ ಮುಸ್ಸಂಜೆಯ ಬೆಳಕು, ಟ್ಯೂಬ್‌ಲೈಟಿನ ಕೆಳಗೆ ಬೆಳ್ಳಿ ಲೇಪದ ಬಟ್ಟಲೂ ಅಪ್ಪಟ ಬೆಳ್ಳಿಯಂತೆಯೇ ಹೊಳೆಯುತ್ತದೆ.

ತಳದ ಓದು ಎಂದರೇನೆಂದು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಈ ಅಂಗಡಿಯ ಬಗ್ಗೆ ನಾನು ಹೇಳುವ ಎಲ್ಲ ಮಾತಿಗೂ ಆಧಾರ ಅದೇ. ಅಪ್ಪಟ ಬೆಳ್ಳಿ ಮೆದು. ದಿನಬಳಕೆಗೆ ಗಟ್ಟಿಯಾಗಲೆಂದು ಇಂಗ್ಲೆಂಡಿನವರು ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದ ಪಾಲು ಹೆಚ್ಚಾಗಿ ತಾಮ್ರ ಬೆರೆಸಿ ಅದನ್ನು ಸ್ಟರ್ಲಿಂಗ್ ಎಂದರು. 1300ರಲ್ಲಿ ಒಂದನೆಯ ಎಡ್ವರ್ಡ್ ದೊರೆಯ ಕಾಯಿದೆ ಈ ಶುದ್ಧತೆಯನ್ನು ಕಡ್ಡಾಯ ಮಾಡಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಬೆಳ್ಳಿಗೆ ಚಿರತೆಯ ಮುಖದ ಮುದ್ರೆ ಒತ್ತಬೇಕೆಂದಿತು. 1363ರಲ್ಲಿ ತಯಾರಕನ ಗುರುತು ಬಂತು. 1478ರಿಂದ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್‌ಗೆ ಒಯ್ದೇ ಪರೀಕ್ಷೆ ಮಾಡಿಸಬೇಕಾಯಿತು, ವರ್ಷಕ್ಕೊಂದು ಅಕ್ಷರವನ್ನು ಒತ್ತುವ ಪದ್ಧತಿಯೂ ಆಗಲೇ ನೆಲೆಗೊಂಡಿತು. ನಮ್ಮ ಚಿನ್ನದಂಗಡಿಗಳಲ್ಲಿ ಇಂದು ಬಾಯಿಪಾಠವಾಗಿರುವ ಹಾಲ್‌ಮಾರ್ಕ್ ಎಂಬ ಮಾತಿನ ಹಾಲ್ ಅದೇ. ನಡೆಯುವ ಸಿಂಹ, ಅಂದರೆ ಮುಂಗಾಲೆತ್ತಿ ಪಕ್ಕಕ್ಕೆ ಸಾಗುತ್ತಿರುವ ಸಿಂಹದ ಮುದ್ರೆ, 1544ರಲ್ಲಿ ಸೇರಿತು. ಇಂಗ್ಲಿಷ್ ಬಟ್ಟಲಿನಲ್ಲಿ ಮೊದಲು ಹುಡುಕಬೇಕಾದದ್ದು ಈ ಸಿಂಹವನ್ನೇ. 1697ರಿಂದ 1720ರವರೆಗೆ ಮಾತ್ರ ಶುದ್ಧತೆಯ ಮಟ್ಟವನ್ನು 958ರ ಮೇಲಕ್ಕೆ ಏರಿಸಿ, ಸಿಂಹದ ಬದಲಿಗೆ ಬ್ರಿಟಾನಿಯಾ ಎಂಬ ಕುಳಿತ ಹೆಂಗಸಿನ ಆಕೃತಿಯನ್ನು ಒತ್ತಲಾಗುತ್ತಿತ್ತು. ನಾಣ್ಯಗಳನ್ನು ಕತ್ತರಿಸಿ ಕರಗಿಸಿ ತಟ್ಟೆ ಬಟ್ಟಲು ಮಾಡುತ್ತಿದ್ದವರನ್ನು ತಡೆಯಲು ಹೂಡಿದ ಉಪಾಯವದು. ಆ ಕಾಲದ ಬಟ್ಟಲು ಮೂರ್ನಾಡಿನ ಗೋದಾಮಿಗೆ ಬರುವುದೆಂದರೆ ಕನಸಿನ ಮಾತು.

ಊರಿನ ಗುರುತು ಮುಂದಿನದು. ಮೊದಲು ಶುದ್ಧತೆಗೆ ಒತ್ತುತ್ತಿದ್ದ ಚಿರತೆಯ ಮುಖ ಆಮೇಲೆ ಲಂಡನ್ನಿನದಾಯಿತು. 1821ರವರೆಗೆ ಅದರ ತಲೆಯ ಮೇಲೆ ಕಿರೀಟವಿತ್ತು, ಆಮೇಲೆ ಇಲ್ಲ. ಬರ್ಮಿಂಗ್‌ಹ್ಯಾಮ್ ಮತ್ತು ಶೆಫೀಲ್ಡ್ ಊರುಗಳಿಗೆ ಸ್ವಂತ ಪರೀಕ್ಷಾ ಕಚೇರಿಗಳು ದೊರೆತದ್ದು 1773ರಲ್ಲಿ. ಬರ್ಮಿಂಗ್‌ಹ್ಯಾಮಿನ ಗುರುತು ಲಂಗರು, ಶೆಫೀಲ್ಡಿನದು 1974ರವರೆಗೆ ಕಿರೀಟ. ಸಮುದ್ರವೇ ಇಲ್ಲದ ಊರಿಗೆ ಲಂಗರು ಏಕೆ ಎಂಬುದಕ್ಕೆ, ಎರಡೂ ಊರಿನವರು ಲಂಡನ್ನಿನಲ್ಲಿ ಸೇರುತ್ತಿದ್ದ ‘ಕ್ರೌನ್ ಅಂಡ್ ಆಂಕರ್’ ಎಂಬ ಪಾನಗೃಹದ ಹೆಸರನ್ನೇ ಆ ಎರಡು ಊರುಗಳು ಹಂಚಿಕೊಂಡವೆಂಬ ಹೇಳಿಕೆ ಇದೆ. 1784ರಿಂದ 1890ರವರೆಗೆ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಆಳುವ ದೊರೆಯ ಅಥವಾ ರಾಣಿಯ ತಲೆಯನ್ನೂ ಒತ್ತುತ್ತಿದ್ದರು. ಉಳಿದದ್ದು ವರ್ಷದ ಅಕ್ಷರ. 1974ರವರೆಗೆ ಲಂಡನ್ನಿನ ಸುತ್ತು ಇಪ್ಪತ್ತು ಅಕ್ಷರಗಳದ್ದಾಗಿತ್ತು, ಎ ಯಿಂದ ಯು ವರೆಗೆ, ನಡುವೆ ಜೆ ಬಿಟ್ಟು. ಸುತ್ತು ಮುಗಿದ ಮೇಲೆ ಅಕ್ಷರದ ಶೈಲಿಯನ್ನೂ ಅದರ ಸುತ್ತಲಿನ ಗುರಾಣಿಯ ಆಕಾರವನ್ನೂ ಬದಲಿಸಿ ಮತ್ತೆ ಎ ಯಿಂದ ಆರಂಭ. ಆಗ ಒಂದೊಂದು ಊರಿನ ಸುತ್ತು ಒಂದೊಂದು ಬಗೆಯದಾಗಿತ್ತು. ಆದ್ದರಿಂದ ಅಕ್ಷರವನ್ನಷ್ಟೇ ನೋಡಿದರೆ ಏನೂ ತಿಳಿಯದು; ಊರು, ಅಕ್ಷರದ ಶೈಲಿ, ಗುರಾಣಿ ಮೂರನ್ನೂ ಕೂಡಿಸಿ ಓದಿದರೆ ವರ್ಷ ಸಿಗುತ್ತದೆ. ನಮ್ಮ ಪಂಚಾಂಗದಲ್ಲಿ ಪ್ರಭವ, ವಿಭವ ಎಂಬ ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವಂತೆ ಇದು ಎಂದುಕೊಂಡರೆ ಗೊಂದಲ ಕಡಿಮೆಯಾಗುತ್ತದೆ: ಸಂವತ್ಸರದ ಹೆಸರಿನ ಜೊತೆಗೆ ಆಳಿದ ಅರಸ ಯಾರೆಂಬುದೂ ತಿಳಿದರಷ್ಟೇ ಶಾಸನದ ಕಾಲ ನಿಶ್ಚಯವಾಗುತ್ತದಲ್ಲವೇ?

ಇಷ್ಟು ತಿಳಿದವರಿಗೆ ಆ ಕಪಾಟಿನ ಮುಂದೆ ಆಗುವ ಅನುಭವ ಹೇಗಿರುತ್ತದೆ ಎಂಬುದಕ್ಕೆ ನಾನು ಕೊಂಡ ಮೊದಲ ಬಟ್ಟಲೇ ಉದಾಹರಣೆ. ಅದೊಂದು ರೋಸ್ ಬೌಲ್. ಗುಲಾಬಿಗಳನ್ನು ಜೋಡಿಸಿಡಲು ಅಗಲ ಬಾಯಿ, ಎತ್ತರದ ಪೀಠ, ಹೊರಮೈಯಲ್ಲಿ ಸುರುಳಿಯಾಕಾರದ ಉಬ್ಬುಪಟ್ಟಿಗಳು. ಇಂತಹ ಬಟ್ಟಲುಗಳನ್ನು ಟೆನಿಸ್, ಗಾಲ್ಫ್, ಕುದುರೆ ಪಂದ್ಯಗಳಲ್ಲಿ ಬಹುಮಾನವಾಗಿ ಕೊಡುವುದು ಪ್ಲಾಂಟರುಗಳ ಕಾಲದಲ್ಲಿ ವಾಡಿಕೆಯಾಗಿದ್ದುದರಿಂದ ಕೊಡಗಿನಲ್ಲಿ ಇವು ಇತರ ಬಗೆಗಳಿಗಿಂತ ಹೆಚ್ಚಾಗಿ ಸಿಗುತ್ತವೆ. ಮಾಲೀಕರು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟು, ಇದು ವಿಕ್ಟೋರಿಯಾ ರಾಣಿಯು ನಮ್ಮ ರಾಜಕುಮಾರಿ ಗೌರಮ್ಮನಿಗೆ ಕೊಟ್ಟದ್ದು, ಅರಮನೆಯ ಕಡೆಯವರಿಂದ ಬಂತು ಎಂದರು. ಕೊಡಗಿನಲ್ಲಿ ಹುಟ್ಟಿದವನಿಗೆ ಈ ಮಾತು ಒಂದು ಕ್ಷಣ ಉಸಿರು ಹಿಡಿಸುತ್ತದೆ. 1834ರಲ್ಲಿ ರಾಜ್ಯ ಕಳೆದುಕೊಂಡ ಚಿಕ್ಕವೀರರಾಜೇಂದ್ರ ಕಾಶಿಯಲ್ಲಿದ್ದು, 1852ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹೋದದ್ದು, ಆ ವರ್ಷವೇ ಆಕೆಗೆ ಜ್ಞಾನಸ್ನಾನವಾಗಿ ರಾಣಿಯೇ ಧರ್ಮಮಾತೆಯಾದದ್ದು, 1864ರಲ್ಲಿ ಎಳೆ ವಯಸ್ಸಿನಲ್ಲಿ ಆಕೆ ಅಲ್ಲೇ ತೀರಿಕೊಂಡದ್ದು, ಇವೆಲ್ಲ ನಿಜ. ಆದರೆ ಬಟ್ಟಲಿನ ತಳದಲ್ಲಿ ಲಂಗರು, ಸಿಂಹ, ಸಣ್ಣಕ್ಷರದ ಎಚ್ ಇದ್ದವು, ರಾಣಿಯ ತಲೆ ಇರಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಆ ಶೈಲಿಯ ಅಕ್ಷರಸುತ್ತು ಆರಂಭವಾದದ್ದು 1900ರಲ್ಲಿ; ಎಣಿಸಿಕೊಂಡು ಬಂದರೆ ಎಚ್ ಎಂದರೆ 1907. ಕೊಟ್ಟ ರಾಣಿ ತೀರಿಕೊಂಡು ಆರು ವರ್ಷ, ಪಡೆದ ರಾಜಕುಮಾರಿ ತೀರಿಕೊಂಡು ನಲವತ್ತಮೂರು ವರ್ಷ ಆದ ಮೇಲೆ ತಯಾರಾದ ಬಟ್ಟಲು!

ನಾನು ಇದನ್ನು ಹೇಳಿದಾಗ ಮಾಲೀಕರು ಕೋಪಿಸಿಕೊಳ್ಳಲಿಲ್ಲ. ‘ಹಾಗಾದರೆ ಬೇರೆ ಗೌರಮ್ಮ ಇರಬೇಕು’ ಎಂದು ನಕ್ಕು ಬೆಲೆ ಇಳಿಸಿದರು. ಅವರು ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ಮಾರಿದವರು ಹೇಳಿದ್ದನ್ನು ಅವರು ಕೊಳ್ಳುವವರಿಗೆ ದಾಟಿಸುತ್ತಾರೆ, ದಾಟಿಸುವಾಗ ಒಂದು ಹಿಡಿ ಉಪ್ಪು ಹೆಚ್ಚು ಬೀಳುತ್ತದೆ. ಕಥೆಯನ್ನು ಬದಿಗಿಟ್ಟರೆ ಬಟ್ಟಲು ಅಪ್ಪಟವಾದದ್ದೇ. ಹೂವಿನ ಕಡ್ಡಿ ನಿಲ್ಲಿಸುವ ತಂತಿಯ ಜಾಲರಿ ಕಳೆದುಹೋಗಿರುವುದು ಒಂದು ಕೊರತೆ. ರೋಸ್ ಬೌಲ್ ಕೊಳ್ಳುವವರು ಜಾಲರಿ ಇದೆಯೇ, ಇದ್ದರೆ ಅದು ಆ ಬಟ್ಟಲಿನದೇ ಅಥವಾ ಆಮೇಲೆ ತಂದಿಟ್ಟದ್ದೇ ಎಂಬುದನ್ನು ಕೂರಿಸಿ ತಿರುಗಿಸಿ ನೋಡುವುದು ಒಳ್ಳೆಯದು.

ಕಪಾಟಿನ ಅರ್ಧಕ್ಕಿಂತ ಹೆಚ್ಚು ಬಟ್ಟಲುಗಳು ಬೆಳ್ಳಿಯವಲ್ಲ, ಬೆಳ್ಳಿಯ ಲೇಪದವು. ಈ ವಿಷಯದಲ್ಲಿ ನಾನು ಯಾರನ್ನೂ ನಗುವ ಸ್ಥಿತಿಯಲ್ಲಿಲ್ಲ. ನಮ್ಮ ತಾತ ಸಿದ್ದಾಪುರದ ಕಡೆ ತೋಟವೊಂದರಲ್ಲಿ ರೈಟರ್, ಅಂದರೆ ಗುಮಾಸ್ತ, ಆಗಿದ್ದರು. ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ತಾತನಿಗೆ ಕೊಟ್ಟ ಬಟ್ಟಲನ್ನು ನಮ್ಮ ಮನೆಯಲ್ಲಿ ಐವತ್ತು ವರ್ಷ ‘ಸೀಮೆ ಬೆಳ್ಳಿ’ ಎಂದು ದೇವರ ಕೋಣೆಯಲ್ಲಿ ಹೂವಿಗೆ ಬಳಸಿದ್ದೆವು. ತಳದಲ್ಲಿ ನಾಲ್ಕು ಪುಟ್ಟ ಗುರಾಣಿಗಳಲ್ಲಿ ಒಂದೊಂದು ಅಕ್ಷರವಿತ್ತು: ಇ, ಪಿ, ಎನ್, ಎಸ್. ನಿಕ್ಕಲ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಲೇಪಿಸಿದ್ದು ಎಂಬುದರ ಸಂಕ್ಷೇಪವದು, ಮತ್ತು ನಿಕ್ಕಲ್ ಸಿಲ್ವರ್ ಎಂಬ ಮಿಶ್ರಲೋಹದಲ್ಲಿ ತಾಮ್ರ, ನಿಕ್ಕಲ್, ಸತು ಇರುತ್ತವೆಯೇ ಹೊರತು ಬೆಳ್ಳಿ ಒಂದು ಗುಂಜಿಯೂ ಇರುವುದಿಲ್ಲ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನದವರು ಈ ಲೇಪನ ವಿಧಾನಕ್ಕೆ ಹಕ್ಕುಪತ್ರ ಪಡೆದ ಮೇಲೆ ಇಂತಹ ಬಟ್ಟಲುಗಳು ಕಾಡಿನ ಅಣಬೆಯಂತೆ ಎದ್ದವು. ತಯಾರಕರಲ್ಲಿ ಹಲವರು ಅಕ್ಷರಗಳನ್ನು ಹಾಲ್‌ಮಾರ್ಕಿನ ಸಾಲಿನಂತೆ ಕಾಣುವ ಹಾಗೆ ಜೋಡಿಸಿದರು. ಇನ್ನೂ ಒಂದು ಸಂಗತಿ ನನಗೆ ತಡವಾಗಿ ತಿಳಿಯಿತು. ಆ ಆಕಾರದ ಬಟ್ಟಲು ಇಂಗ್ಲಿಷರ ಚಹಾ ಮೇಜಿನಲ್ಲಿ ಕಪ್ಪಿನ ತಳದ ಚರಟ ಸುರಿಯಲು ಇಡುತ್ತಿದ್ದದ್ದು. ಎಂಜಲು ಚಹಾದ ಬಟ್ಟಲಿನಲ್ಲಿ ಅರ್ಧ ಶತಮಾನ ನಮ್ಮ ಇಗ್ಗುತಪ್ಪನಿಗೆ ಸಂಪಿಗೆ ಇಟ್ಟಿದ್ದೆವು. ದೇವರು ದೊಡ್ಡವನು, ಬೇಸರಿಸಿಕೊಂಡಂತಿಲ್ಲ.

ಮಾಲೀಕರು ಲೇಪದ ಬಟ್ಟಲುಗಳನ್ನು ಬೇರೆ ಕಪಾಟಿನಲ್ಲಿ ಇಡುವುದಿಲ್ಲ ಎಂಬುದು ನನ್ನ ಮೊದಲ ದೊಡ್ಡ ಆಕ್ಷೇಪ. ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ಬಗೆಯ ಚೀಟಿಯಲ್ಲಿ, ‘ಬೆಳ್ಳಿ, ಇಂಗ್ಲೆಂಡ್’ ಎಂದು ಬರೆದುಕೊಂಡು ಕುಳಿತಿವೆ. ಕೇಳಿದರೆ ಇದು ಲೇಪದ್ದು ಎಂದು ಒಪ್ಪುತ್ತಾರೆ, ಕೇಳದಿದ್ದರೆ ತಾವಾಗಿ ಹೇಳುವುದಿಲ್ಲ. ಪ್ರವಾಸಿಗಳು ಕೇಳುವುದಿಲ್ಲ.

ಲೇಪಗಳಲ್ಲಿಯೂ ಒಂದು ಮೇಲ್ಜಾತಿ ಇದೆ, ಅದನ್ನು ಇಲ್ಲಿ ಅಗ್ಗವಾಗಿ ಕೊಳ್ಳಬಹುದು. ವಿದ್ಯುತ್ ಲೇಪ ಬರುವುದಕ್ಕೆ ಸುಮಾರು ನೂರು ವರ್ಷ ಮೊದಲು, 1740ರ ದಶಕದ ಆರಂಭದಲ್ಲಿ, ಥಾಮಸ್ ಬೋಲ್ಸೋವರ್ ಎಂಬ ಶೆಫೀಲ್ಡಿನ ಕುಶಲಕರ್ಮಿ ತಾಮ್ರದ ಗಟ್ಟಿಯ ಮೇಲೆ ಬೆಳ್ಳಿಯ ಹಾಳೆಯನ್ನಿಟ್ಟು ಬಿಸಿಯಲ್ಲಿ ಬೆಸೆದು, ಎರಡನ್ನೂ ಒಟ್ಟಿಗೆ ತಗಡಾಗಿ ಲಟ್ಟಿಸುವ ಉಪಾಯ ಕಂಡುಹಿಡಿದ. ಅದೇ ಓಲ್ಡ್ ಶೆಫೀಲ್ಡ್ ಪ್ಲೇಟ್. ಇದರ ಅಂಚುಗಳಲ್ಲಿ ಉಜ್ಜಿ ಉಜ್ಜಿ ಬೆಳ್ಳಿ ಸವೆದ ಕಡೆ ತಾಮ್ರದ ಕೆಂಪು ಇಣುಕುತ್ತದೆ. ಕತ್ತರಿಸಿದ ಅಂಚಿನಲ್ಲಿ ತಾಮ್ರ ಕಾಣದಿರಲೆಂದು ಬೆಳ್ಳಿಯ ತಂತಿಯನ್ನು ಮಡಿಚಿ ಬೆಸೆದಿರುತ್ತಾರೆ. ಉಗುರಿನಿಂದ ಅಂಚಿನ ಕೆಳಗೆ ಸವರಿದರೆ ಆ ಮಡಿಕೆ ತಾಗುತ್ತದೆ. ಮನೆತನದ ಲಾಂಛನ ಕೆತ್ತಬೇಕಾದ ಕಡೆ, ಉಳಿ ತಾಮ್ರಕ್ಕೆ ಇಳಿಯಬಾರದೆಂದು, ಅಪ್ಪಟ ಬೆಳ್ಳಿಯ ಒಂದು ಬಿಲ್ಲೆಯನ್ನು ಅಲ್ಲಿಗೆ ಕೂರಿಸುತ್ತಿದ್ದರು. ಆ ಬಿಲ್ಲೆಯ ಗೆರೆ ಬರಿಗಣ್ಣಿಗೆ ಕಾಣುವುದಿಲ್ಲ. ಬಾಯಿಯಿಂದ ಹಬೆಯೂದಿದರೆ ಮಂಜು ಕರಗುವ ಹೊತ್ತಿನಲ್ಲಿ ಅದರ ಸುತ್ತಳತೆ ಒಂದು ಕ್ಷಣ ಮೂಡಿ ಮಾಯವಾಗುತ್ತದೆ. ಡಿಸೆಂಬರಿನ ಬೆಳಿಗ್ಗೆ ನಾನು ಆ ಕಟ್ಟೆಯ ಮೇಲೆ ಕುಳಿತು ಬಟ್ಟಲಿಗೆ ಊದುತ್ತಿದ್ದುದನ್ನು ನೋಡಿ ರಸ್ತೆಯಲ್ಲಿ ಹೋಗುತ್ತಿದ್ದ ಕೂಲಿಯಾಳುಗಳು ನಿಂತು ನೋಡಿದ್ದುಂಟು. ನನ್ನ ಎರಡನೆಯ ಖರೀದಿ ಅದೇ, ಶೆಫೀಲ್ಡ್ ಪ್ಲೇಟಿನ ಹಣ್ಣಿನ ಬಟ್ಟಲು. ‘ತಾಮ್ರ ಕಾಣುತ್ತಿದೆ, ಹಾಳಾಗಿದೆ’ ಎಂದು ಮಾಲೀಕರು ವಿದ್ಯುತ್ ಲೇಪದ ಬಟ್ಟಲಿಗಿಂತ ಕಡಿಮೆ ಬೆಲೆ ಹಾಕಿದ್ದರು. ನಾನು ತಿದ್ದಲಿಲ್ಲ. ಸಂಗ್ರಹಕಾರನಿಗೂ ಒಂದಿಷ್ಟು ಪಾಪ ಇರಲಿ.

ಮೂರನೆಯದು, ಮತ್ತು ಇದುವರೆಗಿನದರಲ್ಲಿ ಹಳೆಯದು, ಲಂಡನ್ನಿನ ಸಕ್ಕರೆ ಬಟ್ಟಲು. ಕಿರೀಟದ ಚಿರತೆ, ಸಿಂಹ, ದೊಡ್ಡಕ್ಷರದ ಜಿ, ಮೂರನೆಯ ಜಾರ್ಜ್ ದೊರೆಯ ತಲೆ, ಸವೆದುಹೋದ ತಯಾರಕನ ಗುರುತು. ದೊಡ್ಡಕ್ಷರದ ಸುತ್ತು 1796ಕ್ಕೆ ಆರಂಭವಾದ್ದರಿಂದ ಜಿ ಎಂದರೆ 1802. ಲಂಡನ್ನಿನಲ್ಲಿ ಅಕ್ಷರ ಬದಲಾಗುತ್ತಿದ್ದದ್ದು ಮೇ ತಿಂಗಳಲ್ಲಾದ್ದರಿಂದ 1803ರ ಮೊದಲ ತಿಂಗಳುಗಳೂ ಸೇರಬಹುದು. ಕೊಡಗನ್ನು ದೊಡ್ಡವೀರರಾಜೇಂದ್ರ ಆಳುತ್ತಿದ್ದ ಕಾಲದ ಬಟ್ಟಲು ಎಂದು ಎಣಿಸಿದಾಗ ಕೈಯಲ್ಲಿದ್ದ ಲೋಹ ಸ್ವಲ್ಪ ಭಾರವೆನಿಸಿತು. ಇಲ್ಲಿ ಕಾಫಿ ತೋಟಗಳನ್ನು ಮಾಡಲು ಯುರೋಪಿನವರು ಬಂದದ್ದು 1854ರಿಂದ ಈಚೆಗೆ, ಆದ್ದರಿಂದ ಇದು ಬಂದ ದೊರೆಯೊಬ್ಬನ ಅಜ್ಜಿಯ ಮನೆಯ ಸಾಮಾನು ಇರಬೇಕೆಂದು ನನ್ನ ಊಹೆ. ನೋಡಿದಿರಾ, ಕಥೆ ಕಟ್ಟುವುದು ಮಾಲೀಕರ ಗುಣ ಮಾತ್ರವಲ್ಲ.

ಈ ಬಟ್ಟಲಿನ ತಳದಲ್ಲಿ ಮೊನೆಯಿಂದ ಗೀರಿದ ಅಂಕಿಯೊಂದಿದೆ: 7, ಎರಡು ಅಡ್ಡಗೆರೆ, 4. ಇದು ತಯಾರಾದಾಗಿನ ತೂಕ, ಏಳು ಟ್ರಾಯ್ ಔನ್ಸ್ ನಾಲ್ಕು ಪೆನಿವೇಟ್. ಔನ್ಸ್ ಒಂದಕ್ಕೆ 31.1 ಗ್ರಾಂ, ಪೆನಿವೇಟ್ ಎಂದರೆ ಔನ್ಸಿನ ಇಪ್ಪತ್ತನೆಯ ಒಂದು ಪಾಲು. ಲೆಕ್ಕ ಹಾಕಿದರೆ ಸುಮಾರು 224 ಗ್ರಾಂ. ಅಂಗಡಿಯ ತಕ್ಕಡಿ 218 ತೋರಿಸಿತು. ಇನ್ನೂರು ವರ್ಷಗಳ ಉಜ್ಜುವಿಕೆಯಲ್ಲಿ ಆರು ಗ್ರಾಂ ಹೋಗಿದೆ ಎಂದರೆ ಮನೆಯವರು ಮಿತವಾಗಿ ಬಳಸಿದ್ದಾರೆ. ಗೀರಿದ ತೂಕಕ್ಕಿಂತ ಈಗಿನ ತೂಕ ಹೆಚ್ಚಾಗಿದ್ದರೆ ಯಾರೋ ಆಮೇಲೆ ಹಿಡಿಯನ್ನೋ ಪೀಠವನ್ನೋ ಬೆಸೆದಿದ್ದಾರೆಂದು ಅನುಮಾನಿಸಬೇಕು. ಬಹಳ ಕಡಿಮೆಯಾಗಿದ್ದರೆ ಹಳೆಯ ಕೆತ್ತನೆಯನ್ನು ಅರೆದು ಅಳಿಸಿರಬಹುದು, ಅಂತಹ ಕಡೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ತಗಡು ತೆಳ್ಳಗೆ ಬಳುಕುವುದು ತಿಳಿಯುತ್ತದೆ.

ಬಟ್ಟಲಿನ ದೋಷವನ್ನೂ ಹೇಳಬೇಕು. ಅದರ ಹೊರಮೈಯಲ್ಲಿ ಹೂಬಳ್ಳಿಗಳ ಉಬ್ಬುಗೆತ್ತನೆ ಇದೆ, ಅದು 1802ರದ್ದಲ್ಲ. ಆ ಕಾಲದ ರುಚಿ ನುಣುಪಾದ ಮೈಯನ್ನು ಮೆಚ್ಚುತ್ತಿತ್ತು. ವಿಕ್ಟೋರಿಯಾ ಕಾಲದವರಿಗೆ ಬೋಳು ಬಟ್ಟಲು ಕಂಡರಾಗದೆ ಅಜ್ಜನ ಕಾಲದ ಬೆಳ್ಳಿಗೆ ಹೂಬಳ್ಳಿ ಹೊಡೆಸಿದರು. ಗುರುತುಗಳ ಒಂದು ಮೂಲೆ ಎಲೆಯೊಂದರ ಉಬ್ಬಿಗೆ ಸಿಕ್ಕಿ ಸೊಟ್ಟಗಾಗಿರುವುದೇ ಇದಕ್ಕೆ ಸಾಕ್ಷಿ, ಏಕೆಂದರೆ ಮುದ್ರೆ ಮೊದಲು ಬಿದ್ದು ಕೆತ್ತನೆ ಆಮೇಲೆ ಬಂದಾಗ ಮಾತ್ರ ಹಾಗಾಗುತ್ತದೆ. ಅಂಗಡಿಯವರು ಕೆತ್ತನೆ ಹೆಚ್ಚಿದ್ದಷ್ಟೂ ಬೆಲೆ ಹೆಚ್ಚು ಎಂಬ ಲೆಕ್ಕದಲ್ಲಿದ್ದರು. ಸಂಗ್ರಹಕಾರರ ಲೆಕ್ಕ ಇದಕ್ಕೆ ನೇರ ವಿರುದ್ಧ. ಇದೊಂದರಲ್ಲಿ ನಾವು ಒಂದು ತಿಂಗಳು ಚೌಕಾಸಿ ಮಾಡಿದೆವು. ಕೊನೆಗೆ ಅಂದಿನ ಬೆಳ್ಳಿಯ ದರದಲ್ಲಿ ತೂಕಕ್ಕಾಗುವ ಬೆಲೆಯ ಎರಡೂವರೆ ಪಟ್ಟಿಗೆ ಒಪ್ಪಿದೆವು. ರೋಸ್ ಬೌಲಿಗೆ ನಾನು ಕೊಟ್ಟದ್ದು ಒಂದೂವರೆ ಪಟ್ಟು. ತೂಕದ ಬೆಲೆಯನ್ನು ತಲೆಯಲ್ಲಿಟ್ಟುಕೊಂಡು ಅದರ ಎಷ್ಟು ಪಟ್ಟು ಕೇಳುತ್ತಿದ್ದಾರೆ ಎಂದು ನೋಡುವುದೇ ಇಲ್ಲಿ ಸರಿಯಾದ ಅಳತೆ. ದರ ವಾರಕ್ಕೊಮ್ಮೆ ಏರಿಳಿಯುವ ಈ ದಿನಗಳಲ್ಲಿ ರೂಪಾಯಿಯ ಅಂಕಿ ಹೇಳಿ ಪ್ರಯೋಜನವಿಲ್ಲ. ಪೀಠದಲ್ಲಿ ಅರಗನ್ನೋ ಗಾರೆಯನ್ನೋ ತುಂಬಿದ ಬಟ್ಟಲುಗಳಿಗೆ ಮಾತ್ರ ಈ ಲೆಕ್ಕ ಸಲ್ಲದು.

ಈ ಕಪಾಟಿನಲ್ಲಿ ‘ಇಂಗ್ಲೆಂಡ್’ ಚೀಟಿ ಹೊತ್ತಿರುವ ಕೆಲವು ಬಟ್ಟಲುಗಳು ಇಂಗ್ಲೆಂಡನ್ನು ಕಂಡೇ ಇಲ್ಲ. ಮದರಾಸಿನಲ್ಲಿ 1849ರಲ್ಲಿ ಆರಂಭವಾದ ಪಿ. ಓರ್ ಅಂಡ್ ಸನ್ಸ್, ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪನಿ ಮುಂತಾದವರು ಇಲ್ಲಿಯೇ ಬೆಳ್ಳಿ ಪಾತ್ರೆ ಮಾಡಿಸಿ ಮಾರುತ್ತಿದ್ದರು. ಭಾರತದಲ್ಲಿ ಆಗ ಇಂಗ್ಲೆಂಡಿನಂತಹ ಪರೀಕ್ಷಾ ಕಚೇರಿಗಳಿರಲಿಲ್ಲವಾದ್ದರಿಂದ ಅವುಗಳ ಮೇಲೆ ಅಂತಹ ಕಚೇರಿಯ ಸಿಂಹವೂ ವರ್ಷಾಕ್ಷರವೂ ಇರುವುದಿಲ್ಲ, ಹೆಚ್ಚಾಗಿ ಮಾರಾಟಗಾರರ ಹೆಸರಿರುತ್ತದೆ. ದೇವಸನ್ನಿಧಿಯ ಗೋಪುರದಿಂದ ಇಳಿದು ಬಂದಂತೆ ದೇವದೇವಿಯರು ಸಾಲಾಗಿ ನಿಂತ, ಸ್ವಾಮಿ ಬೆಳ್ಳಿ ಎಂದು ಹೆಸರಾದ ಮದರಾಸಿನ ಕೆಲಸದ ಬಟ್ಟಲೊಂದು ಎರಡು ವರ್ಷದಿಂದ ಮೇಲಿನ ಅಡ್ಡಹಲಗೆಯಲ್ಲಿದೆ. ಅದಕ್ಕೆ ಇಂಗ್ಲೆಂಡ್ ಎಂಬ ಚೀಟಿ ಅವಮಾನ. ಅದರ ಬೆಲೆ ನನ್ನ ಕೈಗೆ ಎಟುಕದು, ಎಟುಕಿದ್ದರೆ ಉಳಿದ ಮೂರನ್ನೂ ಕೊಟ್ಟು ತರುತ್ತಿದ್ದೆ.

ಪಂಚ್ ಬೌಲುಗಳು ಇಲ್ಲಿಗೆ ಅಪರೂಪ. ಒಂದೇ ಒಂದು ಬಂದಿತ್ತು, ಲೇಪದ್ದು, ಅಂಚು ಕಚ್ಚುಕಚ್ಚಾಗಿರುವ ಮಾಂಟೀತ್ ಎಂಬ ಬಗೆಯದು. ಆ ಕಚ್ಚುಗಳಲ್ಲಿ ಗಾಜಿನ ಲೋಟಗಳ ಪಾದ ಸಿಕ್ಕಿಸಿ ತಣ್ಣೀರಿನಲ್ಲಿ ತಲೆಕೆಳಗಾಗಿ ತೂಗುಬಿಡುತ್ತಿದ್ದರು. ಪಂಚ್ ಎಂಬ ಪಾನೀಯದ ಹೆಸರೇ ನಮ್ಮ ಪಂಚ, ಅಂದರೆ ಐದು ಎಂಬುದರಿಂದ ಹೋಯಿತೆಂದು ಹಲವರು ನಂಬುತ್ತಾರೆ: ಸಾರಾಯಿ, ಸಕ್ಕರೆ, ನಿಂಬೆ, ನೀರು, ಸಾಂಬಾರ. ಆ ಬಟ್ಟಲನ್ನು ಕುಶಾಲನಗರದ ಕಡೆಯ ರೆಸಾರ್ಟಿನವರು ಕೊಂಡುಹೋದರೆಂದು ಕೇಳಿದೆ, ಈಗ ಅದರಲ್ಲಿ ಕೈ ಒರೆಸುವ ಟಿಶ್ಯೂ ಇಡುತ್ತಾರಂತೆ.

ಇನ್ನು ಅಂಗಡಿಯ ‘ಪಾಲಿಶ್’ ಸೇವೆ. ಇದನ್ನು ಯಾರೂ ಒಪ್ಪಿಕೊಳ್ಳಬಾರದು ಎಂಬುದು ನನ್ನ ದೃಢವಾದ ಸಲಹೆ. ಕೊಂಡ ಬಟ್ಟಲನ್ನು ಹೊಚ್ಚ ಹೊಸದರಂತೆ ಮಾಡಿಕೊಡುತ್ತೇವೆಂದು ಅವರು ಉಚಿತವಾಗಿಯೇ ಹೇಳುತ್ತಾರೆ, ಮಾಡುವುದು ತಿರುಗುವ ಬಫ್ ಯಂತ್ರದಲ್ಲಿ. ಯಂತ್ರಕ್ಕೆ ಕೆತ್ತನೆಯ ಮೊನೆ, ಮುದ್ರೆಯ ಸಿಂಹ, ಗೀರಿದ ತೂಕ ಎಲ್ಲವೂ ಒಂದೇ. ನಾನು ಇದನ್ನು ಪೆಟ್ಟು ತಿಂದು ಕಲಿತವನು. ಹಲವು ವರ್ಷಗಳ ಹಿಂದೆ ಬೇರೊಂದು ಊರಿನ ಬೆಳ್ಳಿ ಅಂಗಡಿಯೊಂದಕ್ಕೆ ಚೊಕ್ಕ ಮಾಡಲು ಕೊಟ್ಟ ಕೆನೆಪಾತ್ರೆ ಕನ್ನಡಿಯಂತೆ ಹೊಳೆಯುತ್ತ ಮರಳಿ ಬಂತು, ತಳದ ಐದು ಗುರುತುಗಳಲ್ಲಿ ಎರಡು ನೆರಳಾಗಿದ್ದವು, ವರ್ಷದ ಅಕ್ಷರ ಇರಲೇ ಇಲ್ಲ. ಆ ಪಾತ್ರೆಗೆ ಈಗ ವಯಸ್ಸಿಲ್ಲ.

ಚೊಕ್ಕ ಮಾಡುವ ಕೆಲಸ ಮನೆಯಲ್ಲೇ ಆಗಬೇಕು, ಆದಷ್ಟು ಕಡಿಮೆ ಆಗಬೇಕು. ಬೆಳ್ಳಿ ಕಪ್ಪಾಗುವುದು ತುಕ್ಕಿನಿಂದಲ್ಲ, ಗಾಳಿಯ ಗಂಧಕಾಂಶ ತಾಗಿ ಮೇಲೆ ಸಿಲ್ವರ್ ಸಲ್ಫೈಡ್ ಕಟ್ಟುವುದರಿಂದ. ತೇವವಿದ್ದರೆ ಅದು ಬೇಗ ಆಗುತ್ತದೆ, ಮತ್ತು ತೇವದ ವಿಷಯದಲ್ಲಿ ಕೊಡಗು ಯಾರಿಗೂ ಸಾಲ ಬಿದ್ದಿಲ್ಲ. ಮಳೆಗಾಲದ ಮೊದಲು ನನ್ನ ಬಟ್ಟಲುಗಳನ್ನು ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುತ್ತೇನೆ. ನಮ್ಮವರಲ್ಲಿ ಬೆಲೆಬಾಳುವ ವಸ್ತುವನ್ನು ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುವ ಅಭ್ಯಾಸವಿದೆ, ಬೆಳ್ಳಿಗೆ ಅದು ಸಲ್ಲದು, ಏಕೆಂದರೆ ಉಣ್ಣೆಯಲ್ಲಿಯೇ ಗಂಧಕವಿದೆ. ರಬ್ಬರ್ ಬ್ಯಾಂಡ್ ಇನ್ನೂ ಕೆಟ್ಟದ್ದು. ಕಟ್ಟಿದ ಜಾಗದಲ್ಲಿ ಕಪ್ಪು ಗೆರೆ ಕೂರುತ್ತದೆ. ಹಬ್ಬದ ಮುಂದೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕುವವರಿದ್ದಾರೆ, ನಮ್ಮ ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿಯಲ್ಲಿ ನೆನೆಸಿ ನೋಡಿದವರೂ ಇದ್ದಾರೆ. ಕಾಚಂಪುಳಿ ಪಂದಿಕರಿಗೆ ಇರಲಿ. ಮೆತ್ತನೆಯ ಸೋಪಿನ ಉಗುರುಬೆಚ್ಚಗಿನ ನೀರು, ತಕ್ಷಣ ಒರೆಸುವ ಒಣಬಟ್ಟೆ, ವರ್ಷಕ್ಕೊಮ್ಮೆ ಬೆಳ್ಳಿಗೆಂದೇ ಸಿಗುವ ಮೃದುವಾದ ಕ್ರೀಮ್, ಇಷ್ಟು ಸಾಕು. ಅಲ್ಯೂಮಿನಿಯಂ ಹಾಳೆ ಮತ್ತು ಸೋಡಾಪುಡಿಯ ಬಿಸಿನೀರಿನ ಉಪಾಯ ಕಪ್ಪನ್ನು ಕ್ಷಣದಲ್ಲಿ ತೆಗೆಯುವುದು ನಿಜ, ಆದರೆ ಕೆತ್ತನೆಯ ಸಂದಿಯಲ್ಲಿ ನೂರು ವರ್ಷ ಕೂತ ನೆರಳನ್ನೂ ತೆಗೆದುಬಿಡುತ್ತದೆ. ಆಮೇಲೆ ಕೆತ್ತನೆ ರಕ್ತ ಬಸಿದ ಮುಖದಂತೆ ಕಾಣುತ್ತದೆ.

ವ್ಯವಹಾರದ ಕಾಗದಪತ್ರದಲ್ಲಿ ಈ ಅಂಗಡಿ ಹಿಂದೆ ಬಿದ್ದಿದೆ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ, ಕಲೆ ಕುಶಲತೆಗಳ ದೃಷ್ಟಿಯಿಂದ ಮಹತ್ವದ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಹೊರದೇಶದಲ್ಲಿರುವ ಮಕ್ಕಳಿಗೆ ಉಡುಗೊರೆಯಾಗಿ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ನಾನು ಪ್ರತಿ ಸಲವೂ ಬಿಲ್ಲಿನಲ್ಲಿ ಗುರುತುಗಳ ವಿವರ, ತೂಕ, ಬೆಳ್ಳಿಯೋ ಲೇಪವೋ ಎಂಬುದನ್ನು ಬರೆಸಿಕೊಳ್ಳುತ್ತೇನೆ. ಕೇಳಿದರೆ ಬರೆದುಕೊಡುತ್ತಾರೆ, ಆದರೆ ಪರವಾನಗಿಯ ಪ್ರಶ್ನೆಗೆ ‘ಫೈಲು ಮಡಿಕೇರಿ ಮನೆಯಲ್ಲಿದೆ’ ಎಂಬ ಉತ್ತರ ನಾಲ್ಕು ವರ್ಷದಿಂದ ಬದಲಾಗಿಲ್ಲ. ಕೊಂಡದ್ದನ್ನು ಒಂದು ವಾರದೊಳಗೆ ಮರಳಿಸಿದರೆ ಹಣ ಕೊಡುವುದಿಲ್ಲ, ಬೇರೆ ವಸ್ತು ಕೊಡುತ್ತಾರೆ.

ಕಳೆದ ತಿಂಗಳು, ಕೈಲ್‌ಪೊಳ್ದ್ ಹಬ್ಬ ಮುಗಿದ ವಾರ, ಮತ್ತೆ ಹೋಗಿದ್ದೆ. ಒಂದು ಬಂಗಲೆಯಿಂದ ಹೊಸ ಸರಕು ಬಂದಿತ್ತು. ಮಾಲೀಕರು ನನ್ನ ಭೂತಗನ್ನಡಿಯನ್ನು ಕಂಡವರೇ ಕುರ್ಚಿ ಹಾಕಿ, ಆರು ಬಟ್ಟಲುಗಳನ್ನು ಮುಂದಿಟ್ಟು, ಯಾವುದು ಯಾವ ಊರಿನದು ಓದಿ ಹೇಳಿ ಎಂದರು. ಒಂದು ಶೆಫೀಲ್ಡಿನ ಸಿಹಿತಿನಿಸಿನ ಪುಟ್ಟ ಬಟ್ಟಲು, ಒಳಗೆ ಚಿನ್ನದ ಲೇಪ, ಗುರುತುಗಳು ನಿನ್ನೆ ಒತ್ತಿದಂತಿವೆ. ಮುಂದಿನ ವಾರ ಹಣದೊಂದಿಗೆ ಹೋದಾಗ ಅದರ ಚೀಟಿಯಲ್ಲಿ ನಾನು ಹೇಳಿದ ಊರು, ವರ್ಷ, ಸಿಂಹ ಎಲ್ಲವೂ ಅಚ್ಚುಕಟ್ಟಾಗಿ ಬರೆದಿತ್ತು, ಬೆಲೆ ಮೊದಲಿನ ಎರಡು ಪಟ್ಟಾಗಿತ್ತು.